ಹನ್ನೆರಡು ಮಳೆಯ ಚಿಕ್ಕಿಗಳು, ಒಂದೇ ರಾತ್ರಿಯ ಆಕಾಶ

ಜೂನ್ 7–8ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಮುರಗೋಡದ ಚಹಾದ ಅಂಗಡಿಯಲ್ಲಿ, ಬೀಜ–ಗೊಬ್ಬರ ಮಾರುವವರ ಕಟ್ಟೆಯ ಮೇಲೆ, ಬೈಲಹೊಂಗಲದ ಬಸ್ಸಿನಲ್ಲಿ ನಡೆಯುವ ಮಾತು ಒಂದೇ: ‘ಮಿರಗ ಕೂಡಿತ್ರಿ, ಮಳಿ ಹೆಂಗ ಆಗತೈತೋ ನೋಡಬೇಕು.’ ಮಿರಗದ ಹಸಿಗೆ ಹೆಸರು, ಸೋಯಾ ಬಿತ್ತುವ ತಯಾರಿ. ಅದರ ಬೆನ್ನಿಗೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಹುಬ್ಬಿ, ಉತ್ತರಿ ಚಲೋ ಸುರಿದರೆ ಎರೆ ಹೊಲದಲ್ಲಿ ಹಿಂಗಾರಿ ಜೋಳಕ್ಕೆ, ಕಡಲೆಗೆ ಹಸಿ ನಿಲ್ಲುತ್ತದೆ. ಹಸ್ತ, ಚಿತ್ತಿ, ಸ್ವಾತಿ ದಾಟಿದರೆ ಆ ವರ್ಷದ ಮಳೆಯ ಲೆಕ್ಕ ಮುಗಿಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಅಕ್ಷರ ಕಲಿಯದ ಅಜ್ಜನಿಗೂ ಈ ಹೆಸರುಗಳು ಬಾಯಿಪಾಠ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆ ಕೈಕೊಟ್ಟರೆ ಯಾವ ಬೆಳೆಗೆ ಹೊಡೆತ ಎಂಬುದು ಅವನಿಗೆ ಪಂಚಾಂಗ ತೆಗೆಯದೆಯೇ ಗೊತ್ತು.

ಅದೇ ಅಜ್ಜನನ್ನು ಚಳಿಗಾಲದ ಒಂದು ರಾತ್ರಿ ಅಂಗಳಕ್ಕೆ ಕರೆದು, ‘ಮಿರಗದ ಚಿಕ್ಕಿ ಯಾವುದು, ತೋರಸ್ರಿ’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಹೀಗೆ ಕೇಳಿದಾಗ ಒಬ್ಬ ಹಿರಿಯರು ನನಗೆ ಹೇಳಿದ ಉತ್ತರ ನೆನಪಿನಲ್ಲಿ ಉಳಿದಿದೆ: ‘ಮಿರಗದ ಮಳ್ಯಾಗ ತೋಯ್ಸಿಕೊಂಡೇನಿ ತಮ್ಮಾ, ಮಿರಗದ ಚಿಕ್ಕಿ ನೋಡಿಲ್ಲ.’

ಹೆಸರು ನಾಲಗೆಯ ಮೇಲಿದೆ, ಚಿಕ್ಕಿ ತಲೆಯ ಮೇಲಿದೆ. ಇವೆರಡನ್ನೂ ಕೂಡಿಸುವ ಒಂದು ರಾತ್ರಿ ನಮ್ಮ ಊರುಗಳಿಗೆ ಬೇಕಾಗಿದೆ. ಖಗೋಳ ವೀಕ್ಷಣಾಲಯಗಳು ಜನಸಾಮಾನ್ಯರಿಗೆ ಬಾಗಿಲು ತೆರೆದು ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುವ ಪದ್ಧತಿ ದೇಶ–ವಿದೇಶಗಳಲ್ಲಿದೆ. ಅದು ಬೆಂಗಳೂರಿನವರಿಗೆ, ವಿಜ್ಞಾನ ಕಲಿತವರಿಗೆ ಮಾತ್ರ ಸಲ್ಲುವ ಸಂಭ್ರಮ ಎಂಬ ಭಾವನೆ ಬೆಳೆದುಬಿಟ್ಟಿದೆ. ಮಳೆಯನ್ನು ಚಿಕ್ಕಿಯ ಹೆಸರಿನಿಂದ ಕರೆಯುವ ಊರಿಗಿಂತ ಅದಕ್ಕೆ ಹೆಚ್ಚು ಹಕ್ಕುಳ್ಳ ಊರು ಯಾವುದಿದೆ?

ಮಳೆಯ ದಿನ ಕಾಣದ ಚಿಕ್ಕಿ

ಮಿರಗದ ಚಿಕ್ಕಿಯನ್ನು ಅಜ್ಜ ನೋಡದಿರುವುದಕ್ಕೆ ಕಾರಣ ಆಕಾಶದಲ್ಲಿಯೇ ಇದೆ. ಸೂರ್ಯ ವರ್ಷವಿಡೀ ಸಾಗುವ ಹಾದಿಯನ್ನು ನಮ್ಮ ಹಿರಿಯರು 27 ಸಮಪಾಲು ಮಾಡಿದರು. ಒಂದೊಂದು ಪಾಲಿಗೆ ಒಂದೊಂದು ನಕ್ಷತ್ರದ ಹೆಸರಿಟ್ಟರು. ಒಂದು ಪಾಲು ದಾಟಲು ಸೂರ್ಯನಿಗೆ 13–14 ದಿನ ಬೇಕು. ಸೂರ್ಯ ಮೃಗಶಿರೆಯ ಪಾಲಿಗೆ ಬಂದಾಗ ಸುರಿಯುವುದು ಮಿರಗದ ಮಳೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 21–22ಕ್ಕೆ ಆರಿದ್ರಾ, ಆಗಸ್ಟ್ ಮಧ್ಯಕ್ಕೆ ಮಘೆ, ಆಗಸ್ಟ್ ಕೊನೆಗೆ ಹುಬ್ಬಿ, ಸೆಪ್ಟೆಂಬರ್ 13ರ ಹೊತ್ತಿಗೆ ಉತ್ತರಿ, ಅಕ್ಟೋಬರ್ 24ರ ಸುಮಾರಿಗೆ ಸ್ವಾತಿ.

ಅಂದರೆ ಮಿರಗದ ಮಳೆ ಬರುವ ದಿನಗಳಲ್ಲಿ ಮೃಗಶಿರಾ ನಕ್ಷತ್ರ ಸೂರ್ಯನ ಮಗ್ಗುಲಲ್ಲೇ ಇರುತ್ತದೆ. ಅವನ ಜೊತೆಗೆ ಹುಟ್ಟಿ, ಅವನ ಜೊತೆಗೇ ಮುಳುಗುತ್ತದೆ. ಮೋಡವೇ ಇಲ್ಲದಿದ್ದರೂ ಆ ವಾರ ಅದು ಕಾಣುವುದು ಸಾಧ್ಯವಿಲ್ಲ. ರೋಹಿಣಿಯಿಂದ ಸ್ವಾತಿಯವರೆಗಿನ ಹನ್ನೆರಡು ಮಳೆಗಳಿಗೂ ಹೆಚ್ಚುಕಡಿಮೆ ಇದೇ ಮಾತು ಒಪ್ಪುತ್ತದೆ. ಮಳೆ ಸುರಿಯುವಾಗ ಆ ಮಳೆಯ ಚಿಕ್ಕಿ ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಅದನ್ನು ರಾತ್ರಿಯಿಡೀ ನೋಡಬೇಕೆಂದರೆ ಆರು ತಿಂಗಳು ಕಾಯಬೇಕು, ಸೂರ್ಯ ಆಕಾಶದ ಎದುರು ಬದಿಗೆ ಸರಿಯಬೇಕು. ಮುಂಗಾರಿನ ಚಿಕ್ಕಿಗಳ ನೋಟ ಸಿಗುವುದು ಚಳಿಗಾಲದಲ್ಲಿ, ರೈತ ಮಳೆಯ ಚಿಂತೆ ಬಿಟ್ಟು ಜೋಳದ ಹೊಲ ಕಾಯುವ ದಿನಗಳಲ್ಲಿ.

ಇನ್ನೂ ಒಂದು ಸಂಗತಿ ಇದೆ. ಭೂಮಿಯ ಅಕ್ಷ ಬಲು ನಿಧಾನವಾಗಿ ದಿಕ್ಕು ಬದಲಿಸುತ್ತ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಇದರಿಂದಾಗಿ ಋತುಗಳಿಗೆ ಹೋಲಿಸಿದರೆ ನಕ್ಷತ್ರಗಳ ದಿನ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜಾರುತ್ತದೆ. ಹನ್ನೆರಡನೆಯ ಶತಮಾನದ ಶರಣರ ಕಾಲದಲ್ಲಿ, ಸವದತ್ತಿಯ ರಟ್ಟರು ಈ ನಾಡನ್ನು ಆಳುತ್ತಿದ್ದಾಗ, ಮಿರಗ ಇಂದಿಗಿಂತ ಹತ್ತು–ಹನ್ನೆರಡು ದಿನ ಮೊದಲೇ ಕೂಡುತ್ತಿತ್ತು. ‘ಮಿರಗಕ್ಕೆ ಬಿತ್ತಬೇಕು’ ಎಂಬ ಮಾತನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದೇವೆ. ಆ ಮಿರಗ ಮುಂಗಾರಿನ ಎದುರು ಮೆಲ್ಲಗೆ ಸರಿಯುತ್ತಲೇ ಬಂದಿದೆ. ಇದು ನಮ್ಮ ಹೊಲಕ್ಕೆ ಸಂಬಂಧಿಸಿದ ಖಗೋಳ ವಿಜ್ಞಾನ. ಇದನ್ನು ತಿಳಿಯಲು ಪದವಿ ಬೇಕಿಲ್ಲ, ಯಾರಾದರೂ ಆಕಾಶ ತೋರಿಸಿ ವಿವರಿಸಿದರೆ ಸಾಕು.

ಕಾವಲೂರಿನ ಶನಿವಾರ

ಹಾಗೆ ತೋರಿಸುವ ಕೆಲಸವನ್ನು ಕನ್ನಡನಾಡಿನ ಜೊತೆ ನಂಟಿರುವ ಒಂದು ಸಂಸ್ಥೆ ಮಾಡುತ್ತ ಬಂದಿದೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ವೇಣು ಬಾಪು ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 175 ಕಿ.ಮೀ. ದೂರ, ಜವ್ವಾದಿ ಬೆಟ್ಟಗಳ ಕಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದಲ್ಲಿ. ಚೆನ್ನೈ ಹೆದ್ದಾರಿಯಲ್ಲಿ ವಾಣಿಯಂಬಾಡಿಯವರೆಗೆ ಹೋಗಿ, ಅಲ್ಲಿಂದ ಆಲಂಗಾಯಂ ದಾಟಿ ಬೆಟ್ಟ ಹತ್ತಬೇಕು. ಶನಿವಾರ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಹಗಲಿನಲ್ಲಿ ದೊಡ್ಡ ದೂರದರ್ಶಕದ ಗುಮ್ಮಟದೊಳಗೆ ಹೋಗಬಹುದು. ಕತ್ತಲಾದ ಮೇಲೆ ಆಕಾಶ ತಿಳಿಯಾಗಿದ್ದರೆ ಚಿಕ್ಕ ದೂರದರ್ಶಕದಲ್ಲಿ ಚಂದ್ರ, ಗ್ರಹ, ನಕ್ಷತ್ರ ತೋರಿಸುತ್ತಾರೆ.

ಈ ಜಾಗ ಹುಡುಕಿದವರು ಮನಾಲಿ ಕಲ್ಲಾಟ ವೇಣು ಬಾಪು. 1927ರಲ್ಲಿ ಹುಟ್ಟಿದ ಬಾಪು 1949ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗಲೇ ಧೂಮಕೇತುವೊಂದನ್ನು ಕಂಡುಹಿಡಿದಿದ್ದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದ ಮೇಲೆ, ನಕ್ಷತ್ರ ಅಧ್ಯಯನಕ್ಕೆ ಹೆಚ್ಚು ಅನುಕೂಲವಾದ ಕತ್ತಲೆಯ ತಾಣಕ್ಕಾಗಿ ದಕ್ಷಿಣ ಭಾರತದಲ್ಲಿ ಹುಡುಕಾಡಿ ಕಾವಲೂರನ್ನು ಆರಿಸಿದರು. 1968ರಲ್ಲಿ 38 ಸೆಂ.ಮೀ.ಯ ದೂರದರ್ಶಕದೊಂದಿಗೆ ಕೆಲಸ ಶುರುವಾಯಿತು. 1972ರಲ್ಲಿ ಒಂದು ಮೀಟರಿನ ಜರ್ಮನ್ ದೂರದರ್ಶಕ ಬಂತು. ಬಾಪು ಕಂಡ ದೊಡ್ಡ ಕನಸು 2.34 ಮೀಟರ್ ಕನ್ನಡಿಯ ದೂರದರ್ಶಕ, ಭಾರತದಲ್ಲೇ ರೂಪಿಸಿ ಕಟ್ಟಿದ್ದು. ಅದರ ಗಾಜಿನ ಬಿಲ್ಲೆ ಜರ್ಮನಿಯಿಂದ ಬಂತು. ಅದನ್ನು ಉಜ್ಜಿ, ಬೇಕಾದ ಬಾಗು ಕೊಟ್ಟು, ಹೊಳಪೇರಿಸಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ. ಕೆಲಸ ಪೂರ್ತಿಯಾಗುವುದನ್ನು ನೋಡುವ ಮೊದಲೇ, 1982ರಲ್ಲಿ ಬಾಪು ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಆ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಬಾಪು ಹೆಸರಿಟ್ಟರು.

ಗುಮ್ಮಟದೊಳಗೆ ಕಾಲಿಟ್ಟವರು ಮೊದಲು ಕೇಳುವ ಪ್ರಶ್ನೆ, ‘ಇದರಲ್ಲಿ ಕಣ್ಣಿಟ್ಟು ನೋಡುವುದು ಎಲ್ಲಿ?’ ಅದಕ್ಕೆ ಕಣ್ಣಿಡುವ ಜಾಗವೇ ಇಲ್ಲ. ಕತ್ತಲೆಗೆ ಹೊಂದಿಕೊಂಡ ಮನುಷ್ಯನ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿ.ಮೀ. ಅಗಲವಾಗುತ್ತದೆ. 2.34 ಮೀಟರಿನ ಕನ್ನಡಿ ಅದಕ್ಕಿಂತ ಲಕ್ಷ ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಆ ಬೆಳಕು ನೇರ ಉಪಕರಣಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಬಣ್ಣಬಣ್ಣದ ಪಟ್ಟಿಯಾಗಿ ಬಿಡಿಸಿ, ನಕ್ಷತ್ರದಲ್ಲಿ ಯಾವ ಧಾತು ಎಷ್ಟಿದೆ, ಅದು ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂದು ಅಳೆಯುತ್ತಾರೆ. ಇದನ್ನು ಕೇಳಿ ಕೆಲವರಿಗೆ ನಿರಾಶೆಯಾಗುವುದುಂಟು. ಆದರೆ ಅಷ್ಟು ದೊಡ್ಡ ಯಂತ್ರ ರಾತ್ರಿಯೆಲ್ಲ ಒಂದೇ ಚುಕ್ಕಿಯ ಬೆಳಕನ್ನು ಹನಿಹನಿಯಾಗಿ ಕೂಡಿಡುತ್ತದೆ ಎಂದು ತಿಳಿದ ಮೇಲೆ ಆ ಕೆಲಸದ ಬಗೆಗಿನ ಗೌರವ ಹೆಚ್ಚುತ್ತದೆ.

ಕಾವಲೂರು ಜಗತ್ತಿಗೆ ಕೊಟ್ಟದ್ದು ಸಣ್ಣದಲ್ಲ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಮುಚ್ಚುವುದಕ್ಕೆ ಮುಂಚೆಯೇ ಆ ನಕ್ಷತ್ರದ ಬೆಳಕು ಕ್ಷಣಹೊತ್ತು ಕುಗ್ಗಿತು. ಅಮೆರಿಕದ ವಿಮಾನದಲ್ಲಿದ್ದ ದೂರದರ್ಶಕವೂ ಕಾವಲೂರಿನ ಒಂದು ಮೀಟರಿನ ದೂರದರ್ಶಕವೂ ಇದನ್ನು ದಾಖಲಿಸಿದವು. ಯುರೇನಸ್‌ಗೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಹಾಗೆ. 1988ರ ಫೆಬ್ರುವರಿಯಲ್ಲಿ ಇಲ್ಲಿಯೇ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಪತ್ತೆ ಮಾಡಿದರು. ಭಾರತದಿಂದ ಕ್ಷುದ್ರಗ್ರಹ ಸಿಕ್ಕದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ. ಅದಕ್ಕೆ ರಾಮಾನುಜನ್ ಎಂದು ಹೆಸರಿಟ್ಟಿದ್ದಾರೆ.

ಸರದಿ ಬಂದಾಗ

ಸಾರ್ವಜನಿಕ ವೀಕ್ಷಣೆಯ ನಿಜವಾದ ಸೊಗಸು ಚಿಕ್ಕ ದೂರದರ್ಶಕದ ಮುಂದಿನ ಸರದಿಯಲ್ಲಿದೆ. ಎಲ್ಲ ಕಡೆಯೂ ಆ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊಬೈಲ್ ಬೆಳಕು ಹಚ್ಚಿದವರಿಗೆ ಯಾರಾದರೂ ಆರಿಸಿ ಎನ್ನುತ್ತಾರೆ, ಏಕೆಂದರೆ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು. ತೋರಿಸುವವರ ಕೈಯಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚು. ಮಗುವಿಗೆ ಎಟುಕದಿದ್ದರೆ ಸ್ಟೂಲು ಇಡುತ್ತಾರೆ. ‘ಕೊಳವೆ ಹಿಡಿಯಬ್ಯಾಡ್ರಿ, ಬರೇ ಕಣ್ಣ ಹಚ್ರಿ’ ಎಂಬ ಸೂಚನೆ. ಬಗ್ಗಿದವರು ಮೊದಲ ಗಳಿಗೆ ಏನೂ ಕಾಣುತ್ತಿಲ್ಲ ಎನ್ನುತ್ತಾರೆ. ತಲೆ ಒಂದಿಷ್ಟು ಹಿಂದೆ–ಮುಂದೆ ಸರಿದು, ಉಸಿರು ಹಿಡಿದು ನಿಂತಾಗ ಶನಿಗ್ರಹ ಉಂಗುರ ಸಮೇತ ಕಣ್ಣಿಗೆ ಬೀಳುತ್ತದೆ. ಚಿಕ್ಕದು, ಚೂಪಾದದ್ದು, ಹಳದಿ ಬಣ್ಣದ್ದು. ಯಾರೋ ಚಿತ್ರ ಅಂಟಿಸಿದ್ದಾರೆಯೇ ಎಂದು ಕೊಳವೆಯ ಮುಂದಿನ ಬಾಯಿಯನ್ನು ಹೋಗಿ ನೋಡಿಬರುವವರೂ ಇರುತ್ತಾರೆ.

ಅಷ್ಟರಲ್ಲಿ ಗ್ರಹ ಅಂಚಿನತ್ತ ಜಾರತೊಡಗುತ್ತದೆ. ಮೋಟರು ಇಲ್ಲದ ದೂರದರ್ಶಕವಾದರೆ ಒಂದೆರಡು ನಿಮಿಷದಲ್ಲಿ ಅದು ನೋಟದಿಂದ ಹೊರಗೆ. ‘ಓಡಿಹೋತ್ರಿ’ ಎಂದು ಮಕ್ಕಳು ಕೂಗುತ್ತಾರೆ. ಓಡಿದ್ದು ಗ್ರಹವಲ್ಲ, ನಮ್ಮ ಕಾಲ ಕೆಳಗಿನ ಭೂಮಿ. ಭೂಮಿ ತಿರುಗುತ್ತದೆ ಎಂದು ಪುಸ್ತಕದಲ್ಲಿ ಓದಿದವರೆಲ್ಲರಿಗೂ ಆ ತಿರುಗಾಟ ಕಣ್ಣಿಗೆ ಕಾಣುವುದು ಇಲ್ಲಿ.

ಗುರುಗ್ರಹದ ಅಕ್ಕಪಕ್ಕ ಒಂದೇ ಗೆರೆಯಲ್ಲಿ ನಾಲ್ಕು ಚಂದ್ರರು. 1610ರಲ್ಲಿ ಗೆಲಿಲಿಯೊ ನೋಡಿದ್ದೂ ಇವುಗಳನ್ನೇ. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ, ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲದ ಮೋಡ. ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು: ಪತ್ರಿಕೆಯಲ್ಲಿ ಕಂಡ ಕೆಂಪು–ನೀಲಿ ಬಣ್ಣಗಳು ಕಣ್ಣಿಗೆ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಬೂದಿಬಣ್ಣದ ಹೊಗೆಯಷ್ಟೇ ಕಾಣುತ್ತದೆ. ಇದನ್ನು ತಿಳಿದು ನೋಡಿದವರಿಗೆ ನಿರಾಶೆಯಾಗುವುದಿಲ್ಲ. ನಡುವೆ ಕ್ಯಾಮರಾ ಇಲ್ಲ, ಪರದೆ ಇಲ್ಲ. ಆ ಮೋಡದಿಂದ ಹೊರಟ ಬೆಳಕು ನೇರ ಬಂದು ಕಣ್ಣಿಗೆ ತಾಗುತ್ತಿದೆ ಎಂಬ ಅರಿವು ಯಾವ ಬಣ್ಣದ ಚಿತ್ರಕ್ಕಿಂತಲೂ ದೊಡ್ಡದು.

ಜಮಖಂಡಿಗೆ ಬಂದ ಹರ್ಷೆಲ್

ಆಕಾಶ ನೋಡುವ ದೊಡ್ಡ ಕೆಲಸಗಳು ಎಲ್ಲೋ ದೂರ ನಡೆಯುತ್ತವೆ ಎಂದು ನಮ್ಮ ಭಾಗದವರು ಅಂದುಕೊಳ್ಳಬೇಕಾಗಿಲ್ಲ. ಮುರಗೋಡದಿಂದ ಯರಗಟ್ಟಿ, ಲೋಕಾಪುರ, ಮುಧೋಳದ ಹಾದಿಯಲ್ಲಿ ಉತ್ತರಕ್ಕೆ ಹೋದರೆ ಜಮಖಂಡಿ. 1868ರ ಆಗಸ್ಟ್ 18ರಂದು ಅಲ್ಲಿ ಪೂರ್ಣ ಸೂರ್ಯಗ್ರಹಣ. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣಗಳನ್ನು ಹೂಡಿಕೊಂಡು ನಿಂತಿದ್ದವರು ಭಾರತದ ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಆತ.

ದಿನಾಂಕ ಗಮನಿಸಿ: ಅದು ಮಘೆ ಮಳೆಯ ದಿನ. ಮಘಾ ನಕ್ಷತ್ರ ಸೂರ್ಯನಿಗೆ ತೀರ ಹತ್ತಿರ ಇತ್ತು. ಮಳೆಗಾಲಕ್ಕೆ ತಕ್ಕಂತೆ ಆಕಾಶದ ತುಂಬ ಮೋಡ. ಪೂರ್ಣಗ್ರಹಣದ ಕೆಲವೇ ನಿಮಿಷಗಳಲ್ಲಿ ಮೋಡ ಅಡ್ಡ ಬಂದು ಹರ್ಷೆಲರನ್ನು ಕಾಡಿತು. ಸಿಕ್ಕ ತೆರಪಿನಲ್ಲಿ ಅವರು ಸೂರ್ಯನ ಅಂಚಿನಿಂದ ಚಿಮ್ಮಿದ್ದ ಜ್ವಾಲೆಯ ಕಡೆಗೆ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ತಿರುಗಿಸಿದರು. ಕೆಂಪು, ಕಿತ್ತಳೆ, ನೀಲಿ, ಹೀಗೆ ಮೂರು ಹೊಳೆಯುವ ಗೆರೆಗಳು ಕಂಡವು. ಜ್ವಾಲೆಗಳು ಕಾದ ಅನಿಲದವು ಎಂಬುದಕ್ಕೆ ಅದು ಸಾಕ್ಷಿ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಯಾನ್ಸೆನ್, ಮಚಲೀಪಟ್ಟಣದಲ್ಲಿ ಮದ್ರಾಸಿನ ಪಾಗ್ಸನ್ ಇಂಥ ಗೆರೆಗಳನ್ನೇ ಕಂಡರು. ಕಿತ್ತಳೆ–ಹಳದಿ ಗೆರೆ ಸೋಡಿಯಂನದು ಎಂದು ಮೊದಲು ಹಲವರು ಬಗೆದರು. ನಂತರ ಇಂಗ್ಲೆಂಡಿನ ಲಾಕ್ಯರ್ ಮೊದಲಾದವರು ಅಳೆದು ನೋಡಿದಾಗ ಅದು ಭೂಮಿಯ ಮೇಲೆ ಆವರೆಗೆ ಗೊತ್ತಿಲ್ಲದ ಧಾತುವಿನ ಗೆರೆ ಎಂಬ ತೀರ್ಮಾನಕ್ಕೆ ಬಂದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದರು. ಭೂಮಿಯ ಮೇಲೆ ಅದು ಸಿಕ್ಕದ್ದು 1895ರಲ್ಲಿ. ಬಲೂನಿನಲ್ಲಿ ತುಂಬುವ ಆ ಅನಿಲದ ಕಥೆ ಬರೆಯುವಾಗ ಜಮಖಂಡಿಯ ಹೆಸರನ್ನೂ ಬರೆಯಲೇಬೇಕು. ಜಮಖಂಡಿ ಸುತ್ತಲಿನ ಶಾಲೆಗಳ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ?

ತಾತ ಕಂಡುಹಿಡಿದ ಗ್ರಹಕ್ಕೆ ಉಂಗುರವಿರುವುದನ್ನು ಪತ್ತೆಹಚ್ಚುವುದರಲ್ಲಿ ಮುಂದೆ ಕಾವಲೂರು ಪಾಲುಗೊಂಡಿತು. ಗ್ರಹಣ ನೋಡಲು ಮೊಮ್ಮಗ ನಿಂತ ನೆಲ ನಮ್ಮದು.

ಮತ್ತೆ 112 ವರ್ಷ ಕಳೆದ ಮೇಲೆ, 1980ರ ಫೆಬ್ರುವರಿ 16ರ ಮಧ್ಯಾಹ್ನ, ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣಗ್ರಹಣದ ನೆರಳು ಹಾದುಹೋಯಿತು. ವಿಜ್ಞಾನಿಗಳು ಹುಬ್ಬಳ್ಳಿ ಹತ್ತಿರ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಡೇರೆ ಹಾಕಿ ಕಾದಿದ್ದರು. ನಮ್ಮ ಹಿರಿಯರಲ್ಲಿ ಬಹುಮಂದಿ ಆ ಹೊತ್ತು ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಸುರಕ್ಷಿತವಾಗಿ ಹೇಗೆ ನೋಡಬೇಕು ಎಂದು ಹಳ್ಳಿಗೆ ಬಂದು, ಅವರ ಮಾತಿನಲ್ಲಿ ತಿಳಿಸಿ, ಜೊತೆಗೆ ನಿಂತು ತೋರಿಸಿದವರು ಕಡಿಮೆ. ಗ್ರಹಣದ ದಿನ ಕೆರೆ, ಗುಡಿ, ಹೊಲ ದತ್ತಿ ಕೊಟ್ಟು ಕಲ್ಲಿನಲ್ಲಿ ಕೊರೆಸಿದ ನಾಡು ಇದು. ಆ ಶಾಸನಗಳನ್ನು ಓದಿ ಅಂದಿನ ಗ್ರಹಣಗಳನ್ನು ಲೆಕ್ಕ ಹಾಕುವ ಕೆಲಸವನ್ನು ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಡಾ. ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಮಾಡಿದ್ದಾರೆ. ಆಕಾಶದ ಕಡೆ ಗಮನವಿಟ್ಟ ಜನ ನಾವು. ಆ ಗಮನಕ್ಕೆ ಕಣ್ಣಿನ ಅನುಭವ ಸೇರಬೇಕಷ್ಟೇ.

ಎಳ್ಳ ಅಮಾವಾಸ್ಯೆಯ ಆಕಾಶ

ನಮ್ಮ ಕಡೆ ಜಾತ್ರೆಗಳೆಲ್ಲ ಹುಣ್ಣಿಮೆಗೆ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಎಂದರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಆದರೆ ಚಿಕ್ಕಿ ನೋಡಲು ಹುಣ್ಣಿಮೆ ಒಳ್ಳೆಯ ದಿನವಲ್ಲ. ಚಂದ್ರನ ಬೆಳಕಿನಲ್ಲಿ ಮಂದ ನಕ್ಷತ್ರಗಳೆಲ್ಲ ಮರೆಯಾಗುತ್ತವೆ. ಅದಕ್ಕೆ ಬೇಕಾದದ್ದು ಅಮಾವಾಸ್ಯೆ. ಅಂಥ ಒಂದು ಅಮಾವಾಸ್ಯೆ ನಮ್ಮ ಹಬ್ಬವೇ ಆಗಿದೆ.

ಮಾರ್ಗಶಿರ ಮಾಸದ ಎಳ್ಳ ಅಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ಒಳಗೆ ಬರುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಕಡಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ ಚರಗ ಚೆಲ್ಲುವ ದಿನ. ಜೋಳ ಎದೆಮಟ್ಟಕ್ಕೆ ನಿಂತಿರುತ್ತದೆ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತಿರುತ್ತದೆ. ಊರಿನವರು ಹೇಗೂ ಹೊಲದಲ್ಲಿರುತ್ತಾರೆ. ಕತ್ತಲಾದ ಮೇಲೂ ಒಂದಷ್ಟು ಹೊತ್ತು ಅಲ್ಲೇ ಉಳಿದರೆ ಏನೇನು ಕಂಡೀತು? ಜನವರಿಯ ಮೊದಲ ದಿನಗಳಲ್ಲಿ ಈ ಅಮಾವಾಸ್ಯೆ ಬಂತು ಎಂದಿಟ್ಟುಕೊಂಡು ನೋಡೋಣ.

ಸಂಜೆ 7 ಗಂಟೆ: ನೆತ್ತಿಯಿಂದ ಪೂರ್ವಕ್ಕೆ ಇಳಿದರೆ ಚಿಕ್ಕ ಗೊಂಚಲು ಕೃತ್ತಿಕೆ. ಅದರ ಕೆಳಗೆ ಕಿತ್ತಳೆ ಬಣ್ಣದ ರೋಹಿಣಿ. ಇನ್ನೂ ಕೆಳಗೆ ಮಹಾವ್ಯಾಧ, ಅವನ ತಲೆಯ ಜಾಗದಲ್ಲಿ ಒತ್ತಾಗಿ ಕೂತ ಮೂರು ಮಂಕು ಚುಕ್ಕಿಗಳೇ ಮೃಗಶಿರಾ. ಊರೆಲ್ಲ ಕಾಯುವ ಮಿರಗದ ಚಿಕ್ಕಿ ಇದೇ. ಪಕ್ಕದಲ್ಲಿ ಕೆಂಪಗೆ ಉರಿಯುವುದು ಆರಿದ್ರಾ. ನಮ್ಮ ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಭೂಮಿಯ ಹಾದಿಯನ್ನೂ ನುಂಗುವಷ್ಟು ದೊಡ್ಡ ನಕ್ಷತ್ರ. 2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ಅದರ ಹೊಳಪು ಎಂದಿನ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿತ್ತು. ತಾನೇ ಉಗುಳಿದ ಧೂಳು ಅದನ್ನು ಮರೆಮಾಡಿತ್ತು.

ರಾತ್ರಿ 8ರಿಂದ 10: ಪೂರ್ವದಲ್ಲಿ ಅವಳಿ ಚಿಕ್ಕಿಗಳಂತೆ ಪುನರ್ವಸು, ಆಮೇಲೆ ಮಂಕಾದ ಪುಷ್ಯ, ಆಶ್ಲೇಷ, ಅವುಗಳ ಬೆನ್ನಿಗೆ ಮಘೆ. ಈ ಹೊತ್ತಿಗೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರವೂ ಮೇಲೇರಿರುತ್ತದೆ. ಮುರಗೋಡದ ಅಕ್ಷಾಂಶದಿಂದ ಅದು ಅತಿ ಎತ್ತರಕ್ಕೇರಿದಾಗಲೂ ದಿಗಂತದಿಂದ ಸುಮಾರು 21 ಡಿಗ್ರಿ ಮಾತ್ರ. ಯುರೋಪಿನ ಹೆಚ್ಚಿನ ದೇಶಗಳಿಗೆ ಅದು ಕಾಣುವುದೇ ಇಲ್ಲ.

ನಡುರಾತ್ರಿ: ಆರಿದ್ರಾ ನೆತ್ತಿಯ ಸಮೀಪ. ಪೂರ್ವದಲ್ಲಿ ಹುಬ್ಬಿ, ಉತ್ತರಿ ಮೂಡಿವೆ. ಸ್ವಲ್ಪ ಹೊತ್ತಿಗೆ ಹಸ್ತ. ಬೆಳಗಿನ ಜಾವ ಒಂದೂವರೆಯ ಸುಮಾರಿಗೆ ಚಿತ್ತಿ, ಎರಡರ ಒಳಗೆ ಸ್ವಾತಿ.

ಮೂರು ಗಂಟೆಗೆ ಒಮ್ಮೆ ಸುತ್ತಲೂ ನೋಡಬೇಕು. ಪಶ್ಚಿಮದಲ್ಲಿ ಇಳಿಯುತ್ತಿರುವ ರೋಹಿಣಿಯಿಂದ ಪೂರ್ವದಲ್ಲಿ ಏರುತ್ತಿರುವ ಸ್ವಾತಿಯವರೆಗೆ ಹನ್ನೆರಡೂ ಮಳೆಯ ಚಿಕ್ಕಿಗಳು ಒಟ್ಟಿಗೆ ಆಕಾಶದಲ್ಲಿರುತ್ತವೆ. ಮುಂಗಾರು, ಹಿಂಗಾರು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಮೇ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ರೈತ ಕಾದ ಮಳೆಗಳ ಹೆಸರನ್ನು ಬಲದಿಂದ ಎಡಕ್ಕೋ ಎಡದಿಂದ ಬಲಕ್ಕೋ ಓದಿಕೊಂಡು ಹೋಗಬಹುದು.

ಆ ಚಿಕ್ಕಿಗಳ ದೂರ ಹೇಳುವಾಗಲೂ ನಮ್ಮ ನೆನಪುಗಳೇ ಅಳತೆಯಾಗಬಹುದು. ಸ್ವಾತಿಯ ಬೆಳಕು ಇಲ್ಲಿಗೆ ಬರಲು ಸುಮಾರು 37 ವರ್ಷ, ಮನೆಯ ಹಿರಿಯ ಮಗನ ವಯಸ್ಸು. ರೋಹಿಣಿಯದು ಸುಮಾರು 65 ವರ್ಷ, ಅಜ್ಜ ಎತ್ತು ಹೂಡಲು ಕಲಿತ ಕಾಲ. ಚಿತ್ತಿಯ ದೂರ ಸುಮಾರು 250 ಜ್ಯೋತಿರ್ವರ್ಷ. ಇಂದು ಕಣ್ಣಿಗೆ ಬೀಳುವ ಬೆಳಕು ಚಿತ್ತಿಯಿಂದ ಹೊರಟದ್ದು ಕಿತ್ತೂರು ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದ 1778ರ ಆಸುಪಾಸು. 1824ರಲ್ಲಿ ಕಿತ್ತೂರಿನ ಕದನ ನಡೆದಾಗ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿ ಕಣ್ಣುಮುಚ್ಚಿದಾಗ ಆ ಬೆಳಕು ಇನ್ನೂ ದಾರಿಯಲ್ಲಿತ್ತು. ಜ್ಯೋತಿರ್ವರ್ಷ ಎಂದರೇನು ಎಂದು ಐದನೆಯ ತರಗತಿಯ ಮಗುವಿಗೂ ಹೀಗೆ ಹೇಳಿದರೆ ತಿಳಿಯುತ್ತದೆ.

ಹಾನ್ಲೆಯವರು ಮಾಡಿದ್ದು

ಮುರಗೋಡದಿಂದ ಕಾವಲೂರು ಆರುನೂರು ಕಿ.ಮೀ.ಗೂ ಹೆಚ್ಚು. ಕೂಲಿ ಬಿಟ್ಟು ಅಲ್ಲಿಗೆ ಹೋಗಿ ಎಂದು ಯಾರಿಗೂ ಹೇಳಲಾಗದು. ಆದರೆ ಟೆಲಿಸ್ಕೋಪನ್ನು ಹಳ್ಳಿಗೆ ತರಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಲಡಾಖಿನ ಹಾನ್ಲೆ. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ಇದೇ ಬೆಂಗಳೂರಿನ ಸಂಸ್ಥೆಯ ಎರಡು ಮೀಟರಿನ ದೂರದರ್ಶಕವಿದೆ. ಅದನ್ನು ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ತಾಣವೆಂದು ಘೋಷಿಸಿದರು. ಅಲ್ಲಿನ ಹಳ್ಳಿಗಳ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಆಕಾಶ ತೋರಿಸುವ ತರಬೇತಿ ಕೊಟ್ಟು ಟೆಲಿಸ್ಕೋಪು ಕೈಗಿತ್ತರು. ಈಗ ಬರುವ ಪ್ರವಾಸಿಗರಿಗೆ ಅವರೇ ಶನಿ, ಗುರು ತೋರಿಸುತ್ತಾರೆ. ಬೀದಿದೀಪಗಳಿಗೆ ಮುಚ್ಚಳ, ಕಿಟಕಿಗೆ ದಪ್ಪ ಪರದೆ ಹಾಕಿಕೊಂಡು ಊರವರೇ ಕತ್ತಲೆಯನ್ನು ಕಾಯುತ್ತಾರೆ.

ಕತ್ತಲೆಯನ್ನು ಕಾಯುವ ಕೆಲಸ ನಮಗೂ ಬಂದಿದೆ. ವೃತ್ತದಲ್ಲೊಂದು ಹೈಮಾಸ್ಟ್ ದೀಪ, ಗುಡಿಯ ಶಿಖರಕ್ಕೆ ಬಣ್ಣದ ಬೆಳಕು, ತೋಟದ ಮನೆಗೆ ರಾತ್ರಿಯಿಡೀ ಉರಿಯುವ ಎಲ್ಇಡಿ. ಬೆಳಕು ಬೇಡ ಎನ್ನುತ್ತಿಲ್ಲ. ಹೆಣ್ಣುಮಕ್ಕಳು ಓಡಾಡುವ ದಾರಿಯಲ್ಲಿ, ಬಸ್ ನಿಲ್ದಾಣದಲ್ಲಿ ದೀಪ ಇರಲೇಬೇಕು. ಆದರೆ ದೀಪ ಬೆಳಗಬೇಕಾದದ್ದು ನೆಲವನ್ನು. ಮೇಲೆ ಮುಚ್ಚಳವಿದ್ದರೆ ಕರೆಂಟು ಉಳಿಯುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ, ಆಕಾಶವೂ ಉಳಿಯುತ್ತದೆ. ಹಾಲುಹಾದಿಯನ್ನು ನಮ್ಮ ಮಕ್ಕಳು ಚಿತ್ರದಲ್ಲಷ್ಟೇ ನೋಡುವ ದಿನ ಬರಬಾರದು. ಬೆಂಗಳೂರಿನ ಮಕ್ಕಳಿಗೆ ಆ ದಿನ ಬಂದಾಗಿದೆ.

ಖರ್ಚು ದೊಡ್ಡದಲ್ಲ. ಆರು ಅಥವಾ ಎಂಟು ಇಂಚಿನ ಕನ್ನಡಿಯ ಸಾದಾ ದೂರದರ್ಶಕ ಒಂದು ಹೋಬಳಿಗೆ ಸಾಕು. ಒಂದು ಪ್ರೌಢಶಾಲೆ ಅದನ್ನು ಇಟ್ಟುಕೊಂಡು ಸುತ್ತಲಿನ ಶಾಲೆಗಳಿಗೆ ಸರದಿಯಂತೆ ಕೊಡಬಹುದು. ಒಳ್ಳೆಯ ಬೈನಾಕ್ಯುಲರಿನಲ್ಲೂ ಚಂದ್ರನ ಕುಳಿ, ಕೃತ್ತಿಕೆಯ ಗೊಂಚಲು, ಗುರುವಿನ ಚಂದ್ರರು ಕಾಣುತ್ತವೆ. ತೋರಿಸುವವರನ್ನು ತಯಾರು ಮಾಡಲು ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ. ಕನ್ನಡದಲ್ಲಿ ಓದಲು ಆರ್.ಎಲ್. ನರಸಿಂಹಯ್ಯನವರಿಂದ ಜಿ.ಟಿ. ನಾರಾಯಣರಾಯರವರೆಗೆ ಹಿರಿಯರು ಬರೆದಿಟ್ಟ ಖಗೋಳ ಪುಸ್ತಕಗಳಿವೆ. ಒಂದೇ ಎಚ್ಚರ: ಟೆಲಿಸ್ಕೋಪನ್ನಾಗಲಿ ಬೈನಾಕ್ಯುಲರನ್ನಾಗಲಿ ಹಗಲಿನಲ್ಲಿ ಸೂರ್ಯನತ್ತ ತಿರುಗಿಸಬಾರದು, ಕಣ್ಣು ಹೋಗುತ್ತದೆ. ಅದಕ್ಕೆ ಬೇರೆ ಸೋಸುಗಾಜು ಬೇಕು, ತಿಳಿದವರು ಜೊತೆಗಿರಬೇಕು.

ಮುರಗೋಡ ಮಠಗಳ ಊರು. ಮಹಾಂತಜ್ಜನ ಹೆಸರಿನಲ್ಲಿ, ಚಿದಂಬರ ಸ್ವಾಮಿಗಳ ಹೆಸರಿನಲ್ಲಿ ಸಾವಿರಾರು ಜನ ಸೇರುವುದು, ಒಟ್ಟಿಗೆ ಕೂತು ಉಣ್ಣುವುದು ಇಲ್ಲಿಯವರಿಗೆ ಹೊಸದಲ್ಲ. ನೂರಿನ್ನೂರು ಜನರನ್ನು ಒಂದು ರಾತ್ರಿ ಹೊಲದಲ್ಲಿ ಕೂಡಿಸುವುದು ಈ ಊರಿಗೆ ಭಾರವಾಗದು. ಮುಂದಿನ ಎಳ್ಳ ಅಮಾವಾಸ್ಯೆಗೆ ಪಂಚಾಯಿತಿಯವರು ರಾತ್ರಿ 7ರಿಂದ 9ರವರೆಗೆ ಊರ ಹೊರಗಿನ ಒಂದು ಹೊಲದ ಸುತ್ತ ದೀಪ ಆರಿಸಲಿ. ಶಾಲೆಯ ಮಾಸ್ತರರು, ಅಕ್ಕೋರು ಮಕ್ಕಳಿಗೆ ಮೊದಲೇ ನಕ್ಷೆ ಕಲಿಸಲಿ. ಚರಗದ ಊಟದಲ್ಲಿ ಉಳಿದ ಕಡಬು, ಹೋಳಿಗೆ ಅಲ್ಲಿಗೇ ಬರಲಿ. ಮೊದಲ ಸರದಿ ಹಿರಿಯ ರೈತರದಾಗಲಿ, ಏಕೆಂದರೆ ಅಷ್ಟು ವರ್ಷ ಆ ಚಿಕ್ಕಿಗಳನ್ನು ನಂಬಿ ಬಿತ್ತಿದವರು ಅವರು. ಮಗು ಬೆರಳು ಮಾಡಿ ಮಿರಗದ ಚಿಕ್ಕಿ ತೋರಿಸಲಿ, ಅಜ್ಜ ಆ ಮಿರಗದಲ್ಲಿ ಏನು ಬಿತ್ತಿದ್ದೆ, ಯಾವ ವರ್ಷ ಅದು ಕೈಕೊಟ್ಟಿತು ಎಂದು ಹೇಳಲಿ. ಹಾಗೆ ಕಲಿತ ಮಗು ಮುಂದೆ ಕಾವಲೂರಿನಲ್ಲೋ ಹಾನ್ಲೆಯಲ್ಲೋ ಕೆಲಸ ಮಾಡಬಹುದು, ಇಲ್ಲವೇ ತಂದೆಯ ಹೊಲದಲ್ಲೇ ಉಳಿಯಬಹುದು. ಎರಡು ಕಡೆಯೂ ಅದಕ್ಕೆ ಆಕಾಶ ಓದಲು ಬರುತ್ತಿರಬೇಕು.